ಉತ್ಪಾದನೆ ನಿಂತ ಮೇಲೆ ನಿಸ್ಸಾನ್ ಜಿಟಿ-ಆರ್: ಕೊಳ್ಳುವ ಮುಂಚೆ ಗೇರ್‌ಬಾಕ್ಸಿನ ಚರಿತ್ರೆ ಕೇಳಿ

2025ರ ಆಗಸ್ಟ್ 26ರಂದು ಜಪಾನಿನ ತೋಚಿಗಿ ಕಾರ್ಖಾನೆಯಿಂದ ಕೊನೆಯ ನಿಸ್ಸಾನ್ ಜಿಟಿ-ಆರ್ ಸ್ಪೋರ್ಟ್ಸ್ ಕಾರು ಹೊರಬಂತು. ಮಿಡ್‌ನೈಟ್ ಪರ್ಪಲ್ ಬಣ್ಣದ ಪ್ರೀಮಿಯಂ ಎಡಿಷನ್ ಟಿ-ಸ್ಪೆಕ್ ಅದು. 2007ರ ಡಿಸೆಂಬರಿನಲ್ಲಿ ಮಾರಾಟ ಶುರುವಾದ ಈ ಆರ್35 ತಲೆಮಾರಿನಲ್ಲಿ ಒಟ್ಟು ಸುಮಾರು 48,000 ಕಾರುಗಳು ತಯಾರಾದವು. ಮಾರಾಟದ ಬಾಗಿಲು ಎಲ್ಲ ದೇಶದಲ್ಲೂ ಒಂದೇ ಸಲ ಮುಚ್ಚಲಿಲ್ಲ. ಪಕ್ಕದಿಂದ ಬೀಳುವ ಹೊಡೆತದ ಸುರಕ್ಷತಾ ನಿಯಮ ಬಿಗಿಯಾಗಿ ಆಸ್ಟ್ರೇಲಿಯಾದಲ್ಲಿ 2021ಕ್ಕೆ ನಿಂತಿತು, ಸದ್ದಿನ ನಿಯಮದಿಂದ ಯುರೋಪಿನಲ್ಲಿ 2022ಕ್ಕೆ ನಿಂತಿತು, ಅಮೆರಿಕದಲ್ಲಿ 2024ರ ಮಾಡೆಲ್ ಕೊನೆಯದಾಯಿತು. ಜಪಾನ್ ಮಾತ್ರ ಉಳಿದಿತ್ತು, ಈಗ ಅದೂ ಮುಗಿಯಿತು.

ಮುಂದಿನ ಜಿಟಿ-ಆರ್ ಬರುತ್ತದೆಯೇ? ಬರುತ್ತದೆ ಎಂದು ನಿಸ್ಸಾನ್ ಮುಖ್ಯಸ್ಥ ಇವಾನ್ ಎಸ್ಪಿನೋಸಾ ಹೇಳಿದ್ದಾರೆ, ದಿನಾಂಕ ಹೇಳಿಲ್ಲ. 2023ರ ಜಪಾನ್ ಮೊಬಿಲಿಟಿ ಶೋದಲ್ಲಿ ತೋರಿಸಿದ ಹೈಪರ್ ಫೋರ್ಸ್ ಎಂಬ ಎಲೆಕ್ಟ್ರಿಕ್ ಮಾದರಿಗೆ 1,000 ಕಿಲೋವ್ಯಾಟ್ ಶಕ್ತಿ ಎಂದಿದ್ದರು, ಅದು ಪ್ರದರ್ಶನದ ಕಾರು. ಕಂಪನಿಯೇ 17 ಕಾರ್ಖಾನೆಗಳನ್ನು 10ಕ್ಕೆ ಇಳಿಸಿ, 20,000 ಕೆಲಸ ಕಡಿತ ಮಾಡುವ ಕಷ್ಟದಲ್ಲಿರುವಾಗ ಮುಂದಿನದನ್ನು ನೆಚ್ಚಿಕೊಂಡು ಕಾಯುವುದರಲ್ಲಿ ಅರ್ಥವಿಲ್ಲ. ಜಿಟಿ-ಆರ್ ಬೇಕೆನ್ನುವವರಿಗೆ ಸದ್ಯಕ್ಕೆ ಇರುವುದು ಸೆಕೆಂಡ್ ಹ್ಯಾಂಡ್ ದಾರಿ. ಆ ದಾರಿಯಲ್ಲಿ ಎಲ್ಲಿ ಹಳ್ಳವಿದೆ, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದೇ ಈ ವಿಮರ್ಶೆಯ ವಿಷಯ.

ಕಾರು ಹೇಗಿದೆ ಎಂದು ಮೊದಲು ಹೇಳಿಬಿಡಬೇಕು: ಇಂದಿಗೂ ಅದ್ಭುತವಾಗಿದೆ. 3.8 ಲೀಟರಿನ ವಿ6, ಎರಡು ಐಎಚ್‌ಐ ಟರ್ಬೊ, ನಾಲ್ಕೂ ಚಕ್ರಕ್ಕೆ ಶಕ್ತಿ. 2007ರಲ್ಲಿ 480 ಪಿಎಸ್ (ಹಾರ್ಸ್‌ಪವರ್‌ಗೆ ಹತ್ತಿರದ ಅಳತೆ) ಇದ್ದದ್ದು 2011ರ ಮಾಡೆಲ್‌ಗೆ 530, 2012ಕ್ಕೆ 550, 2017ಕ್ಕೆ 570 ಆಯಿತು. ನಿಸ್ಸಾನಿನ ರೇಸಿಂಗ್ ವಿಭಾಗವಾದ ನಿಸ್ಮೊದ ಆವೃತ್ತಿಗೆ 600 ಪಿಎಸ್, ಟಾರ್ಕ್ (ತಿರುಚುವ ಬಲ) 652 ನ್ಯೂಟನ್ ಮೀಟರ್. 2013ರ ಸೆಪ್ಟೆಂಬರ್ 30ರಂದು ಮಿಖಾಯೆಲ್ ಕ್ರುಮ್ ಓಡಿಸಿದ ನಿಸ್ಮೊ ಜರ್ಮನಿಯ ರೇಸ್ ಟ್ರ್ಯಾಕ್ ನ್ಯೂರ್ಬುರ್ಗ್‌ರಿಂಗ್ ಸುತ್ತನ್ನು 7 ನಿಮಿಷ 8.679 ಸೆಕೆಂಡಿನಲ್ಲಿ ಮುಗಿಸಿತು. ಮುಖ್ಯ ಎಂಜಿನಿಯರ್ ಕಜುತೋಶಿ ಮಿಜುನೊ ಹಾಕಿದ ಲೆಕ್ಕಾಚಾರ ವಿಶೇಷವಾದದ್ದು: ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ಎಂಜಿನ್ನಿನಿಂದ ಹಿಂದಕ್ಕೆ ಕಾರ್ಬನ್ ಫೈಬರ್ ಪ್ರೊಪೆಲ್ಲರ್ ಶಾಫ್ಟ್ (ಶಕ್ತಿ ಸಾಗಿಸುವ ಉದ್ದ ದಂಡ) ಹೋಗುತ್ತದೆ. ಹಿಂದಿನ ಗೇರ್‌ಬಾಕ್ಸಿನಿಂದ ಇನ್ನೊಂದು ಶಾಫ್ಟ್ ಮುಂದಿನ ಚಕ್ರಗಳಿಗೆ ವಾಪಸ್ ಬರುತ್ತದೆ. ಭಾರ ಹಂಚಿಕೆ ಚೆನ್ನಾಗಿ ಕೂತದ್ದು ಇದರಿಂದ. ಮಾಲೀಕರ ತಲೆನೋವುಗಳಲ್ಲಿ ಹೆಚ್ಚಿನವು ಹುಟ್ಟುವುದೂ ಇದೇ ವಿನ್ಯಾಸದಿಂದ.

ಎಂಜಿನ್ ಬಗ್ಗೆ ಭಯ ಬೇಡ

ವಿಆರ್38ಡಿಇಟಿಟಿ ಎಂಜಿನ್ನನ್ನು ಯೊಕೊಹಾಮಾ ಕಾರ್ಖಾನೆಯ ಧೂಳಿಲ್ಲದ ಕೋಣೆಯಲ್ಲಿ 'ತಕುಮಿ' ಎಂದು ಕರೆಯುವ ಕುಶಲಕರ್ಮಿಗಳು ಒಬ್ಬೊಬ್ಬರೇ ಕೈಯಿಂದ ಜೋಡಿಸುತ್ತಿದ್ದರು. ಹದಿನೆಂಟು ವರ್ಷದಲ್ಲಿ ಆ ಪಟ್ಟಕ್ಕೆ ಬಂದವರು ಒಂಬತ್ತೇ ಜನ. ನಂತರದ ವರ್ಷಗಳ ಎಂಜಿನ್ ಮೇಲೆ ಅವರ ಹೆಸರಿನ ಫಲಕವಿದೆ. ಸಿಲಿಂಡರ್ ಒಳಗೆ ಕಬ್ಬಿಣದ ಲೈನರ್ ಇಲ್ಲ, ಪ್ಲಾಸ್ಮಾ ಸಿಂಪಡಿಸಿ ಕೂರಿಸಿದ ತೆಳುವಾದ ಪದರವಿದೆ. ಆದ್ದರಿಂದಲೇ ಎಣ್ಣೆಯ ವಿಷಯದಲ್ಲಿ ರಾಜಿ ಇಲ್ಲ: ಕಂಪನಿ ಪರೀಕ್ಷಿಸಿ ಹೇಳಿದ್ದು ಮೊಬಿಲ್ 1ರ 0ಡಬ್ಲ್ಯು-40, ಫಿಲ್ಟರ್ ಸೇರಿ ಸುಮಾರು 5.5 ಲೀಟರ್. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿ, ಕಂಪನಿಯ ಶಕ್ತಿಯಲ್ಲೇ ಓಡಿಸಿದ ಎಂಜಿನ್ ಸುಮ್ಮನೆ ಕೈಕೊಡುವುದಿಲ್ಲ.

ಕೆಡುವುದು ಟ್ಯೂನ್ ಮಾಡಿದಾಗ, ಅಂದರೆ ಕಂಪನಿ ಕೊಟ್ಟದ್ದಕ್ಕಿಂತ ಶಕ್ತಿ ಹೆಚ್ಚಿಸಿದಾಗ. ಈ ಎಂಜಿನ್ನಿನಿಂದ ಬರೀ ಸಾಫ್ಟ್‌ವೇರ್, ದೊಡ್ಡ ಇಂಜೆಕ್ಟರ್, ಎಕ್ಸಾಸ್ಟ್ ಪೈಪ್ ಬದಲಾವಣೆಯಿಂದಲೇ ನೂರಾರು ಹಾರ್ಸ್‌ಪವರ್ ಹೆಚ್ಚಿಗೆ ತೆಗೆಯಬಹುದು, ಆದ್ದರಿಂದ ತೆಗೆಯದವರು ಕಡಿಮೆ. ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ, ಕಂಪನಿಯದ್ದೇ ಆದ ಕನೆಕ್ಟಿಂಗ್ ರಾಡ್‌ಗಳಿಗೆ ಹಾರ್ಸ್‌ಪವರ್‌ಗಿಂತ ಟಾರ್ಕ್ ಅಪಾಯಕಾರಿ. ಟಾರ್ಕ್ 800 ನ್ಯೂಟನ್ ಮೀಟರ್ ಆಸುಪಾಸು ದಾಟಿತೆಂದರೆ, ಅದೂ ಕಡಿಮೆ ಆರ್‌ಪಿಎಂನಲ್ಲೇ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ತುಂಬಿದರೆ, ರಾಡ್ ಬಾಗತೊಡಗುತ್ತದೆ. ಬಾಗಿದ ರಾಡ್ ಕೂಡಲೇ ಮುರಿಯುವುದಿಲ್ಲ. ಒಂದು ಸಿಲಿಂಡರಿನ ಕಂಪ್ರೆಷನ್ ಸ್ವಲ್ಪ ಇಳಿದಿರುತ್ತದೆ, ಕಾರು ಓಡುತ್ತಲೇ ಇರುತ್ತದೆ, ಅಷ್ಟರಲ್ಲಿ ಮಾಲೀಕರು ಮಾರಿಬಿಡುತ್ತಾರೆ. ಹಾಗಾಗಿ ಟ್ಯೂನ್ ಆದ ಕಾರು ನೋಡುತ್ತಿದ್ದರೆ ಆರೂ ಸಿಲಿಂಡರಿನ ಕಂಪ್ರೆಷನ್ ಮತ್ತು ಲೀಕ್‌ಡೌನ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಎಂಬ) ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಆರೂ ಒಂದಕ್ಕೊಂದು ಹತ್ತಿರವಿವೆಯೇ ಎನ್ನುವುದು ಮುಖ್ಯ.

'ಈಗ ಮತ್ತೆ ಸ್ಟಾಕ್ ಮಾಡಿದ್ದೇವೆ' ಎಂದು ಮಾರುವವರೂ ಇದ್ದಾರೆ. ಎಕ್ಸಾಸ್ಟ್ ನಟ್ಟುಗಳು ಹೊಳೆಯುತ್ತಿವೆಯೇ, ಇಂಜೆಕ್ಟರ್ ಕಂಪನಿಯದ್ದೇ, ಏರ್‌ಬಾಕ್ಸ್ ಕ್ಲಿಪ್ಪುಗಳಲ್ಲಿ ಉಪಕರಣದ ಗೀರು ಇದೆಯೇ ನೋಡಿ. ಕಾಬ್ ಕಂಪನಿಯ, ಎಂಜಿನ್ ಸಾಫ್ಟ್‌ವೇರ್ ಬದಲಿಸುವ ಆಕ್ಸೆಸ್‌ಪೋರ್ಟ್ ಹಾಕಿ ಟ್ಯೂನ್ ಮಾಡಿದ್ದರೆ ಆ ಸಾಧನ ಒಂದೇ ಕಾರಿಗೆ ಬಿಗಿದುಕೊಂಡಿರುತ್ತದೆ. ಅದನ್ನು ಬಿಡಿಸದೆ ಕಾರು ಮಾರಿದರೆ ಮುಂದಿನ ಮಾಲೀಕರಿಗೆ ಕೆಲಸ ಹೆಚ್ಚು. ಸಾಧನವನ್ನು ಕಾರಿನ ಜೊತೆಗೇ ಕೇಳಿ ಪಡೆಯಬೇಕು, ಇಲ್ಲವೇ ಬಿಡಿಸಿದ್ದಕ್ಕೆ ಸಾಕ್ಷಿ ಕೇಳಬೇಕು.

ಎಂಜಿನ್ ಕಡೆ ಇನ್ನೊಂದೇ ಮಾತು. ಟರ್ಬೊ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದೇ ತುಂಡು. ಟರ್ಬೊದ ಒತ್ತಡ ಮಿತಿಯಲ್ಲಿಡುವ ಬಾಗಿಲಾದ ವೇಸ್ಟ್‌ಗೇಟಿನ ಸಣ್ಣ ತೋಳು ಸವೆದು ಗಲಗಲ ಸದ್ದು ಮಾಡಿದರೆ ಆ ತೋಳನ್ನಷ್ಟೇ ಕಂಪನಿಯಿಂದ ತರಿಸಲು ಆಗುವುದಿಲ್ಲ, ಇಡೀ ಜೋಡಣೆ ಬದಲಾಯಿಸಬೇಕು. ಟರ್ಬೊ ಪರಿಣತರ ಬಳಿ ದುರಸ್ತಿ ಸಾಧ್ಯ, ಆದರೆ ಬಿಚ್ಚಿ ಕೂರಿಸುವ ಕೂಲಿಯೇ ದೊಡ್ಡದು. ಬೆಲೆ ಚೌಕಾಸಿಯಲ್ಲಿ ಇದನ್ನು ಸೇರಿಸಿ.

ಗೇರ್‌ಬಾಕ್ಸ್: ಇಲ್ಲಿ ನಿಲ್ಲಿ, ನಿಧಾನವಾಗಿ ನೋಡಿ

ಜಿಆರ್6 ಎನ್ನುವ ಆರು ಗೇರಿನ ಡ್ಯುಯಲ್ ಕ್ಲಚ್ ಪೆಟ್ಟಿಗೆಯೇ ಈ ಕಾರಿನ ಜೀವ. 1, 3, 5ನೇ ಗೇರಿಗೆ ಒಂದು ಕ್ಲಚ್, 2, 4, 6ಕ್ಕೆ ಇನ್ನೊಂದು. ಎರಡೂ ಎಣ್ಣೆಯಲ್ಲಿ ಮುಳುಗಿರುವಂಥವು. ಕ್ಲಚ್ ತಂಪಾಗಿಡುವುದು, ಗೇರಿಗೆ ಜಾರಿಕೆ ಕೊಡುವುದು, ಹೈಡ್ರಾಲಿಕ್ ಒತ್ತಡದಿಂದ ಗೇರ್ ಬದಲಿಸುವುದು, ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಕ್ಲಚ್ಚನ್ನು ಒತ್ತುವುದು ಎಲ್ಲವೂ ಒಂದೇ ಎಣ್ಣೆಯ ಕೆಲಸ. ಕ್ಲಚ್ ಸವೆದ ಪುಡಿ ಆ ಎಣ್ಣೆಯಲ್ಲೇ ತಿರುಗುತ್ತಾ ಸೊಲೆನಾಯ್ಡ್ ವಾಲ್ವುಗಳ (ಎಣ್ಣೆಯ ಹರಿವನ್ನು ವಿದ್ಯುತ್ತಿನಿಂದ ತೆರೆದು ಮುಚ್ಚುವ ಭಾಗ) ಸಂದಿಗೆ ಹೋಗಿ ಕೂರುತ್ತದೆ. ಈ ಒಂದು ವಿಷಯ ತಿಳಿದುಕೊಂಡರೆ ಜಿಟಿ-ಆರ್ ಗೇರ್‌ಬಾಕ್ಸಿನ ಅರ್ಧ ರೋಗ ತಿಳಿದಂತೆ.

ಮೊದಲ ವರ್ಷಗಳ ಕಾರುಗಳ ಹೆಸರು ಕೆಟ್ಟದ್ದು ಬೇರೆ ಕಾರಣಕ್ಕೆ. ಸ್ಥಿರತೆ ಕಾಯುವ ವಿಡಿಸಿ ಆಫ್ ಮಾಡಿ, ಬ್ರೇಕ್ ಒತ್ತಿ ಹಿಡಿದು ಪೂರ್ತಿ ಎಕ್ಸಿಲರೇಟರ್ ಕೊಟ್ಟರೆ ಎಂಜಿನ್ 4,500 ಆರ್‌ಪಿಎಂನಲ್ಲಿ ನಿಂತು, ಬ್ರೇಕ್ ಬಿಟ್ಟ ಕ್ಷಣ ಕ್ಲಚ್ಚು ಒಮ್ಮೆಗೇ ಕಚ್ಚಿಕೊಳ್ಳುತ್ತಿತ್ತು. ಇದಕ್ಕೆ ಲಾಂಚ್ ಎನ್ನುತ್ತಾರೆ. ನಾಲ್ಕು ಅಗಲವಾದ ಟೈರು ಜಾರದೆ ಹಿಡಿಯುವುದರಿಂದ ಆ ಹೊಡೆತವೆಲ್ಲ ಗೇರಿನ ಹಲ್ಲು ಮತ್ತು ಶಾಫ್ಟಿನ ಮೇಲೆ. ಒಂದನೇ ಗೇರಿನ ಹಲ್ಲು ಹಾರಿಹೋದ ಪ್ರಕರಣಗಳು ಅಮೆರಿಕದಲ್ಲಿ ಸುದ್ದಿಯಾದವು. ವಿಡಿಸಿ ಆಫ್ ಮಾಡಿದ್ದೀರಿ ಎಂದು ವಾರಂಟಿ ನಿರಾಕರಿಸಿದ್ದಕ್ಕೆ ಮಾಲೀಕರು ನ್ಯಾಯಾಲಯಕ್ಕೂ ಹೋದರು. ಹೊಸ ಗೇರ್‌ಬಾಕ್ಸಿನ ಬೆಲೆ ಆಗಲೇ 20,000 ಡಾಲರ್ ಮಟ್ಟದಲ್ಲಿತ್ತು. ನಿಸ್ಸಾನ್ ಆಮೇಲೆ ಸಾಫ್ಟ್‌ವೇರ್ ಬದಲಿಸಿ ಲಾಂಚ್ ಆರ್‌ಪಿಎಂ ಇಳಿಸಿತು. 2007ರಿಂದ 2010ರವರೆಗಿನ, ಸಿಬಿಎ ಎಂಬ ಸಂಕೇತದ ಕಾರು ಕೊಳ್ಳುವವರು ಈ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯೇ, ಯಾವಾಗ ಆಯಿತು ಎಂದು ಬಿಲ್ ಸಮೇತ ನೋಡಬೇಕು. ಅಪ್‌ಡೇಟಿಗೆ ಮುಂಚೆ ಎಷ್ಟು ಲಾಂಚ್ ತಿಂದಿದೆಯೋ ಅದರ ಗಾಯ ಒಳಗೇ ಇರುತ್ತದೆ.

ಕಾಯಿಲೆಯ ಲಕ್ಷಣಗಳು ಹೀಗಿರುತ್ತವೆ. ಓಡುತ್ತಿರುವಾಗ ಗೇರ್ ಎಚ್ಚರಿಕೆ ದೀಪ ಹತ್ತಿ ಬರೀ ಬೆಸ ಗೇರ್ ಅಥವಾ ಬರೀ ಸಮ ಗೇರ್ ಉಳಿದರೆ ಒಂದು ಬದಿಯ ಸೊಲೆನಾಯ್ಡ್, ಒತ್ತಡದ ಸೆನ್ಸರ್, ಇಲ್ಲವೇ ಗೇರಿನ ಸ್ಥಾನ ಹೇಳುವ ಸೆನ್ಸರ್ ಕಡೆ ನೋಡಬೇಕು. ರಿವರ್ಸಿಗೆ ಹಾಕಿದಾಗ ತಡವಾಗಿ ಬೀಳುವುದು, ಬಿಸಿಯಾದ ಮೇಲೆ ಒಂದರಿಂದ ಎರಡಕ್ಕೆ ಹೋಗುವಾಗ ಜಗ್ಗುವುದು ಅದರ ಮುನ್ಸೂಚನೆ. ಲೋಡ್ ಕೊಟ್ಟಾಗ ಗೇರ್ ಜಿಗಿದಂತಾದರೆ ಶಾಫ್ಟಿನ ಮೇಲಿನ ಸರ್ಕ್ಲಿಪ್ (ಗೇರನ್ನು ಹಿಡಿದಿಡುವ ಉಂಗುರ) ಜಾರಿ ಗೇರ್ ಅಲುಗಾಡುತ್ತಿರಬಹುದು. ಅದು ದೊಡ್ಡ ಕೆಲಸ, ಪೆಟ್ಟಿಗೆ ಬಿಚ್ಚಲೇಬೇಕು. ಆದರೆ ಮೊದಲು ಹೇಳಿದ ಸೊಲೆನಾಯ್ಡ್, ಸೆನ್ಸರ್ ಕಾಯಿಲೆ ಹಾಗಲ್ಲ. ಅಧಿಕೃತ ಸರ್ವಿಸ್ ಸೆಂಟರುಗಳಲ್ಲಿ ಗೇರ್‌ಬಾಕ್ಸ್ ಬಿಚ್ಚುವ ಬದಲು ಇಡೀ ಪೆಟ್ಟಿಗೆ ಬದಲಾಯಿಸುವುದೇ ಬಹುಕಾಲ ನಡೆದುಬಂದ ಪದ್ಧತಿ. ಸೊಲೆನಾಯ್ಡ್ ತೊಳೆದು ಅಥವಾ ಬದಲಿಸಿ ಮುಗಿಸಬಹುದಾದ ಕೆಲಸಕ್ಕೂ ಅಷ್ಟು ದೊಡ್ಡ ಅಂದಾಜು ಪಟ್ಟಿ ಬರುತ್ತದೆ. ಜಿಆರ್6 ಬಿಚ್ಚಿ ಜೋಡಿಸುವ ಪರಿಣತರು ಬ್ರಿಟನ್, ಅಮೆರಿಕ, ಜಪಾನ್, ದುಬೈಗಳಲ್ಲಿದ್ದಾರೆ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದಿಸಿ ಅವರ ಅಭಿಪ್ರಾಯ ಕೇಳದೆ ಹೊಸ ಪೆಟ್ಟಿಗೆಗೆ ಒಪ್ಪಿಕೊಳ್ಳಬೇಡಿ.

ಎಣ್ಣೆ ಬದಲಾವಣೆಯಲ್ಲೇ ಹಲವರು ಎಡವುತ್ತಾರೆ. ನಿಸ್ಸಾನಿನ 'ಆರ್35 ಸ್ಪೆಷಲ್' ಎಣ್ಣೆ, ಅಥವಾ ಇದೇ ಪೆಟ್ಟಿಗೆಗೆಂದು ಮಾಡಿದ ಎಣ್ಣೆ ಮಾತ್ರ ಹಾಕಬೇಕು. ಸಾಮಾನ್ಯ ಡ್ಯುಯಲ್ ಕ್ಲಚ್ ಎಣ್ಣೆ ಹಾಕಿದರೆ ಕ್ಲಚ್ ಹಿಡಿತವೇ ಬದಲಾಗಿ ನಡುಕ ಬರುತ್ತದೆ. ಸುಮಾರು 10 ಲೀಟರ್ ಕೈಯಲ್ಲಿಟ್ಟುಕೊಂಡೇ ಕೆಲಸ ಶುರುಮಾಡಿ. ಕಾರು ನಾಲ್ಕೂ ಚಕ್ರಕ್ಕೆ ಸಮನಾಗಿ ನಿಲ್ಲುವ ಲಿಫ್ಟ್ ಬೇಕು. ಒಂದು ಕಡೆ ಜಾಕ್ ಹಾಕಿ ಓರೆ ನಿಲ್ಲಿಸಿದರೆ ಮಟ್ಟ ತಪ್ಪುತ್ತದೆ. ಹಳೆಯದನ್ನು ಇಳಿಸಿ, ಕೆಳಗಿನ ಪ್ಯಾನ್ ಬಿಚ್ಚಿ, ಒಳಗಿನ ಮ್ಯಾಗ್ನೆಟ್ ನೋಡಬೇಕು. ಬೂದು ಬಣ್ಣದ ನುಣ್ಣಗಿನ ಲೇಪ ಸಹಜ. ಬೆರಳಿಗೆ ಚುಚ್ಚುವ ಚೂರು, ಮಿನುಗುವ ಚಕ್ಕೆ ಸಿಕ್ಕಿದರೆ ಅಲ್ಲೇ ನಿಲ್ಲಿಸಿ ಪರಿಣತರಿಗೆ ಫೋಟೊ ಕಳಿಸಿ. ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್ ಹೊಸದು ಹಾಕಿ, ಎಣ್ಣೆ ತುಂಬಿ, ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ, ಎಣ್ಣೆ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಉಷ್ಣತೆಗೆ ಬಂದ ಮೇಲೆ ಮಟ್ಟದ ಪ್ಲಗ್ ತೆಗೆದು ನೋಡಬೇಕು. ತಣ್ಣಗಿದ್ದಾಗ ನೋಡಿದರೆ ತಪ್ಪು ಉತ್ತರವೇ ಸಿಗುತ್ತದೆ. ಕೊನೆಗೆ ನಿಸ್ಸಾನಿನ ಕನ್ಸಲ್ಟ್ ಅಥವಾ ಅದಕ್ಕೆ ಸಮನಾದ ಸ್ಕ್ಯಾನರಿನಲ್ಲಿ ಕ್ಲಚ್ ಕಚ್ಚುವ ಬಿಂದುವನ್ನು ಮತ್ತೆ ಕಲಿಸಬೇಕು. ಇದನ್ನು ಬಿಟ್ಟು ಕಾರು ಕೊಟ್ಟುಬಿಡುವ ಗ್ಯಾರೇಜುಗಳೇ ಹೆಚ್ಚು. ಆಮೇಲೆ ಮೊದಲ ಗೇರಿನಲ್ಲಿ ಜಗ್ಗಿದಾಗ 'ಕ್ಲಚ್ ಹೋಗಿದೆ' ಎಂಬ ತೀರ್ಪು ಬರುತ್ತದೆ.

ಹಿಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಅದೇ ಪೆಟ್ಟಿಗೆಯಲ್ಲಿದ್ದರೂ ಎಣ್ಣೆ ಬೇರೆ: 75ಡಬ್ಲ್ಯು-140 ದರ್ಜೆಯ, ಆರ್35ಕ್ಕೆಂದೇ ಬರುವ ಎಣ್ಣೆ. ಎರಡನ್ನೂ ಒಟ್ಟಿಗೇ ಬದಲಿಸಿಬಿಡುವುದು ಒಳ್ಳೆಯದು.

ಉಷ್ಣತೆ ಈ ಪೆಟ್ಟಿಗೆಯ ಶತ್ರು. ಒಳಗಿನ ಪರದೆಯಲ್ಲಿ ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆ ಕಾಣುತ್ತದೆ. ಗ್ರಾನ್ ಟುರಿಸ್ಮೊ ಆಟ ಮಾಡಿದ ಪಾಲಿಫೊನಿ ಡಿಜಿಟಲ್ ಸಂಸ್ಥೆ ವಿನ್ಯಾಸ ಮಾಡಿದ ಆ ಪರದೆ ಶೋಕಿಗಷ್ಟೇ ಎಂದುಕೊಂಡು ಬಿಡಬೇಡಿ, ಬಳಸಿ. ಟ್ರ್ಯಾಕ್‌ನಲ್ಲಿ 120 ಡಿಗ್ರಿ ಆದಾಗಲೇ ವೇಗ ಇಳಿಸಿ ತಂಪಾಗಲು ಬಿಡಿ. 140 ದಾಟಿದ ಎಣ್ಣೆಯನ್ನು ಮತ್ತೆ ನಂಬದೆ ಬದಲಿಸಿ. ಬಿಸಿ ಊರಿನ ಟ್ರ್ಯಾಕ್‌ಗಳಿಗೆ ಹೋಗುವವರು ಹೆಚ್ಚುವರಿ ಕೂಲರ್ ಹಾಕಿಸುವುದು ದುಂದಲ್ಲ. ಟ್ರಾಫಿಕ್ಕಿನಲ್ಲಿಯೂ ಇದೇ ಎಚ್ಚರ ಬೇಕು. ಇದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ, ಇಂಚಿಂಚು ಮುಂದೆ ಸರಿಯುವಾಗಲೆಲ್ಲ ಕ್ಲಚ್ ಅರೆಕಚ್ಚಿನಲ್ಲಿ ಸವೆಯುತ್ತಿರುತ್ತದೆ. ಮುಂದೆ ಒಂದು ಕಾರಿನಷ್ಟು ಜಾಗ ಬಿಡುವವರೆಗೆ ಬ್ರೇಕ್ ಮೇಲೇ ನಿಂತು, ಆಮೇಲೆ ಹೊರಟು ಪೂರ್ತಿ ಸಾಗಿ. ಏರಿನಲ್ಲಿ ಎಕ್ಸಿಲರೇಟರಿನಿಂದ ಕಾರನ್ನು ಹಿಡಿದು ನಿಲ್ಲಿಸುವುದು ಎಂದಿಗೂ ಬೇಡ. ಸಿಗ್ನಲ್ ಉದ್ದವಿದ್ದರೆ ನ್ಯೂಟ್ರಲ್.

ಇನ್ನು ಬೆಲ್ ಹೌಸಿಂಗ್, ಅಂದರೆ ಎಂಜಿನ್ನಿನ ಬೆನ್ನಿಗಿರುವ ಕವಚ. ಗೇರ್‌ಬಾಕ್ಸ್ ಹಿಂದಿರುವುದರಿಂದ ಎಂಜಿನ್ನಿನ ಬೆನ್ನಿಗೆ ಫ್ಲೈವೀಲ್ ಮತ್ತು ಒಂದು ಸಣ್ಣ ಶಾಫ್ಟ್ ಮಾತ್ರ ಇದೆ. ಆ ಶಾಫ್ಟನ್ನು ಹಿಡಿದಿರುವ ಬೇರಿಂಗ್ ತನ್ನ ಗೂಡಿನಲ್ಲಿ ಸಡಿಲವಾದರೆ, ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂಥ ಸದ್ದು ಬರುತ್ತದೆ. ಹೊರಟ ಮೇಲೆ ಸದ್ದು ಅಡಗುತ್ತದೆ. ಸಿಬಿಎ ಕಾರುಗಳಲ್ಲಿ ಇದು ಹೆಚ್ಚುಕಡಿಮೆ ಮನೆಮಾತು. 2012ರ ಮಾಡೆಲ್‌ನಲ್ಲಿ ನಿಸ್ಸಾನ್ ಈ ಬೇರಿಂಗನ್ನು ಇನ್ನಷ್ಟು ಬಿಗಿಯಾಗಿ ಕೂರಿಸಿ, ಗೇರ್ ಫೋರ್ಕಿನ ತೋಳನ್ನೂ ಗಟ್ಟಿಮಾಡಿತು. ಪರೀಕ್ಷೆ ಸುಲಭ: ಎಂಜಿನ್ ಆರಿಸಿ, ಕಾರು ಎತ್ತಿ, ಕೆಳಗಿನಿಂದ ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ತುದಿಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ. ಅಲುಗಾಟ ಕೈಗೆ ತಿಳಿಯುವಂತಿದ್ದರೆ ಬೇರಿಂಗ್ ಹೋಗಿದೆ. ಕೂಡಲೇ ಕಾರು ನಿಲ್ಲುವುದಿಲ್ಲ, ಆದರೆ ಹಾಗೇ ಓಡಿಸಿದರೆ ಸೀಲ್ ಸೋರಿ ನಡುಕ ಜಾಸ್ತಿಯಾಗುತ್ತದೆ. ಕಂಪನಿಯದ್ದೇ ಇನ್ನೊಂದು ಹಾಕಿದರೆ ಕೆಲವು ವರ್ಷಕ್ಕೆ ಅದೇ ಸದ್ದು ಮರಳುವುದುಂಟು. ದೊಡ್ಡ ಬೇರಿಂಗ್ ಕೂರಿಸಿ ಪರಿಣತರು ಮರುನಿರ್ಮಿಸಿದ ಹೌಸಿಂಗೇ ಮೇಲು.

ಹೆದರಬೇಕಿಲ್ಲದ ಸದ್ದುಗಳೂ ಇವೆ. ತಣ್ಣಗಿರುವಾಗ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಪಾರ್ಕ್ ಮಾಡುವಾಗ ಹಿಂದಿನಿಂದ ಕಟಕಟ ಎನ್ನುವುದು, ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ನದು. ಹೊರಡುವಾಗ ಒಂದು 'ಠಕ್', ಹಿಂದಿನಿಂದ ಗೇರಿನ ಗುಂಯ್‌ಗುಡುವಿಕೆ ಈ ಕಾರಿನ ಸ್ವಭಾವ. ಆದರೆ ಎಣ್ಣೆ ಬಿಸಿಯಾದ ಮೇಲೂ ಕಟಕಟ ನಿಲ್ಲದಿದ್ದರೆ ಡಿಫರೆನ್ಷಿಯಲ್ ಎಣ್ಣೆ ಬದಲಿಸಿ ನೋಡಿ.

ಟೈರು, ಬ್ರೇಕು, ಪೆಟ್ರೋಲು

ಮುಂದೆ 255/40, ಹಿಂದೆ 285/35, ಎಲ್ಲ 20 ಇಂಚು, ರನ್‌ಫ್ಲಾಟ್. ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥವು, ಆದ್ದರಿಂದ ಸ್ಟೆಪ್ನಿ ಇಲ್ಲ. ಹಿಂದಿನ ಎರಡು ಸವೆದವೆಂದು ಅವೆರಡನ್ನೇ ಬೇರೆ ಬ್ರ್ಯಾಂಡ್ ಹಾಕಿದರೆ ಮುಂದಿನ ಮತ್ತು ಹಿಂದಿನ ಚಕ್ರದ ಸುತ್ತಳತೆಯ ಲೆಕ್ಕ ತಪ್ಪುತ್ತದೆ. ಕಂಪ್ಯೂಟರ್ ಅದನ್ನು ಚಕ್ರ ಜಾರುತ್ತಿದೆ ಎಂದು ತಿಳಿದು ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಕ್ಲಚ್ಚನ್ನು ಸುಮ್ಮನೆ ದುಡಿಸುತ್ತದೆ. ಆದ್ದರಿಂದ ನಾಲ್ಕೂ ಒಂದೇ ಮಾಡೆಲ್, ಸಾಧ್ಯವಾದರೆ ಒಂದೇ ಸಲ. ಕಾರು ನೋಡಲು ಹೋದಾಗ ನಾಲ್ಕು ಟೈರಿನ ಮೇಲಿನ ತಯಾರಿಕಾ ವಾರ ಓದಿದರೆ ಹಳೆಯ ಮಾಲೀಕರ ಸ್ವಭಾವ ಅರ್ಧ ತಿಳಿಯುತ್ತದೆ. ಒಳಬದಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಪ್ರಿಂಟ್ ಕೇಳಿ. ನಿಸ್ಸಾನ್ ಈ ಕಾರಿನ ಮೊದಲ ಸರ್ವಿಸ್‌ನಲ್ಲೇ ಅಲೈನ್‌ಮೆಂಟ್ ಪರೀಕ್ಷೆ ಇಟ್ಟದ್ದು ಸುಮ್ಮನೆ ಅಲ್ಲ.

ಬ್ರೆಂಬೊ ಬ್ರೇಕು ಅತ್ಯುತ್ತಮ. ಮುಂದೆ ಆರು, ಹಿಂದೆ ನಾಲ್ಕು ಪಿಸ್ಟನ್. ಮುಂದಿನ ಡಿಸ್ಕ್ ಮೊದಲು 380 ಮಿಲಿಮೀಟರ್ ಇದ್ದದ್ದು 2011ರ ಮಾಡೆಲ್‌ನಿಂದ 390. ಡಿಸ್ಕಿನ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು ಸಹಜ. ಬಿರುಕು ತೂತಿನಿಂದ ತೂತಿಗೆ ಸೇರಿದ್ದರೆ ಅಥವಾ ಅಂಚು ಮುಟ್ಟಿದ್ದರೆ ಡಿಸ್ಕ್ ಮುಗಿಯಿತು. ನಾಲ್ಕೂ ಡಿಸ್ಕ್, ಪ್ಯಾಡ್ ಸೇರಿದರೆ ಸಣ್ಣ ಕಾರೊಂದರ ಬೆಲೆಗೆ ಹತ್ತಿರ ಹೋಗಬಹುದು, ಅದನ್ನು ಮೊದಲೇ ಕಳೆದು ಬೆಲೆ ಹೇಳಿ.

ಪೆಟ್ರೋಲ್ 98 ಆಕ್ಟೇನ್ ಬೇಕು. ದುಬೈ, ಅಬುಧಾಬಿಯಲ್ಲಿರುವ ಕನ್ನಡಿಗರಿಗೆ ಸೂಪರ್ 98 ಎಲ್ಲ ಬಂಕಿನಲ್ಲೂ ಸಿಗುತ್ತದೆ. ಭಾರತದಲ್ಲಿ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100, ಹಿಂದೂಸ್ತಾನ್ ಪೆಟ್ರೋಲಿಯಂನ ಪವರ್ 99 ಆಯ್ದ ಬಂಕುಗಳಲ್ಲಿ ಮಾತ್ರ ಇವೆ. ಪವರ್ 99 ಮೊದಲು ಬಿಡುಗಡೆಯಾದದ್ದು 2017ರಲ್ಲಿ ಬೆಂಗಳೂರಿನಲ್ಲೇ. 20 ಶೇಕಡ ಎಥನಾಲ್ ಬೆರೆತ ಸಾಮಾನ್ಯ ಪೆಟ್ರೋಲನ್ನು ಈ ಕಾರಿಗೆ ಹಾಕಲೇಬಾರದು. ಆಕ್ಟೇನ್ ಕಡಿಮೆಯಾದರೆ ಎಂಜಿನ್ ನಾಕ್ ಆಗದಂತೆ ಕಂಪ್ಯೂಟರ್ ಇಗ್ನಿಷನ್ ಹಿಂದೆ ಸರಿಸುತ್ತದೆ, ಪಿಕಪ್ ಹೋಗುತ್ತದೆ. ಟ್ಯೂನ್ ಆದ ಕಾರಿನಲ್ಲಿ ಆ ರಕ್ಷಣೆಯೂ ಸಾಲದೆ ಪಿಸ್ಟನ್ನಿಗೇ ಪೆಟ್ಟು.

ಯಾವುದನ್ನು, ಎಲ್ಲಿಂದ ಕೊಳ್ಳಬೇಕು

ಭಾರತಕ್ಕೆ ನಿಸ್ಸಾನ್ ಇದನ್ನು 2016ರ ಡಿಸೆಂಬರಿನಲ್ಲಿ ತಂದಿತು. ದೆಹಲಿ ಎಕ್ಸ್ ಶೋರೂಂ ಬೆಲೆ 1.99 ಕೋಟಿ ರೂಪಾಯಿ, 570 ಪಿಎಸ್‌ನ 2017ರ ಮಾಡೆಲ್, ಸರ್ವಿಸ್‌ಗೆ ನೊಯಿಡಾದಲ್ಲಿ ಒಂದು ಹೈ ಪರ್ಫಾರ್ಮೆನ್ಸ್ ಕೇಂದ್ರ. ಅಂದರೆ ಇಲ್ಲಿ ಅಧಿಕೃತವಾಗಿ ಸಿಗುವ ಕಾರುಗಳೆಲ್ಲ ಹಳೆಯ ದೋಷಗಳು ತಿದ್ದಿದ ಮೇಲಿನವು. ಇದು ಒಳ್ಳೆಯ ಸುದ್ದಿ. ಸಂಖ್ಯೆ ತೀರಾ ಕಡಿಮೆ, ಊರಿನ ನಿಸ್ಸಾನ್ ವರ್ಕ್‌ಶಾಪಿನಲ್ಲಿ ಗೇರ್‌ಬಾಕ್ಸಿಗೆ ಕೈಹಾಕುವವರು ಸಿಗುವುದಿಲ್ಲ, ಇದು ಕೆಟ್ಟ ಸುದ್ದಿ. ಬೆಂಗಳೂರಿನಲ್ಲಿ ಕಾರಿಟ್ಟುಕೊಂಡರೆ ವರ್ಷಕ್ಕೊಮ್ಮೆ ಟ್ರಕ್ಕಿನಲ್ಲಿ ಕಳಿಸುವ ಖರ್ಚು, ಬಿಡಿಭಾಗ ಹೊರದೇಶದಿಂದ ಬರುವವರೆಗೆ ಕಾಯುವ ತಾಳ್ಮೆ ಎರಡೂ ಬಜೆಟ್ಟಿನಲ್ಲಿರಲಿ. ನೆಲದಿಂದ ಕಾರಿನ ಹೊಟ್ಟೆಗೆ ಹತ್ತೂವರೆ ಸೆಂಟಿಮೀಟರ್ ಅಷ್ಟೇ. ನಮ್ಮ ಹಂಪ್‌ಗಳನ್ನು ಓರೆಯಾಗಿ ಏರಿಸಿದರೂ ಕೆಳಗಿನ ಕವರ್ ತಾಗುತ್ತದೆ. ಲಿಫ್ಟ್‌ಗೆ ಹಾಕಿಸಿ ಆ ಕವರ್ ನೋಡಿ: ಉದ್ದ ಗೀರುಗಳಿದ್ದರೆ ಪರವಾಗಿಲ್ಲ, ಒಡೆದು ತಂತಿ ಕಟ್ಟಿದ್ದರೆ ಕೂಲರ್ ಪೈಪುಗಳನ್ನೂ ಪರೀಕ್ಷಿಸಬೇಕು. ಮುಂದಿನ ಜಾಲರಿಯ ಹಿಂದಿರುವ ಎಸಿ ಕಂಡೆನ್ಸರಿಗೆ ಕಲ್ಲು ಬಡಿದು ಗ್ಯಾಸ್ ಸೋರುವುದೂ ಸಾಮಾನ್ಯ.

ಹೊರರಾಜ್ಯದ ಕಾರು ತಂದರೆ ಕರ್ನಾಟಕದ ಆಜೀವ ತೆರಿಗೆಯ ಲೆಕ್ಕ ಮೊದಲು ಹಾಕಿ. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಹೊಸದಾಗಿ 18 ಶೇಕಡ, ಮೇಲೆ ಸೆಸ್ಸು. ಹಳೆಯದಕ್ಕೆ ವಯಸ್ಸಿನ ಪ್ರಕಾರ ಇಳಿಯುತ್ತದೆ. ವಿಮೆಯಲ್ಲಿ ಇಷ್ಟು ವಯಸ್ಸಾದ ಕಾರಿಗೆ ಜೀರೊ ಡೆಪ್ರಿಸಿಯೇಷನ್ ಸಿಗುವುದು ಕಷ್ಟ, ಕಾರಿನ ಮೌಲ್ಯ ಎಷ್ಟೆಂದು ಬರೆಸುತ್ತಾರೆ ಎನ್ನುವುದನ್ನು ಕೊಳ್ಳುವ ಮುಂಚೆಯೇ ಬರಹದಲ್ಲಿ ತರಿಸಿಕೊಳ್ಳಿ.

ದುಬೈಯಲ್ಲಿ ಕಡಿಮೆ ಬೆಲೆಗೆ ಜಿಟಿ-ಆರ್ ನೋಡಿ ಊರಿಗೆ ತರುವ ಆಸೆ ಪಡುವವರಿಗೆ: ಅಲ್ಲಿಯದು ಎಡಬದಿಯ ಸ್ಟಿಯರಿಂಗ್, ಭಾರತದಲ್ಲಿ ನೋಂದಣಿಯಾಗುವುದಿಲ್ಲ. ಜಪಾನಿನಿಂದ ಬಲಬದಿಯದು ತರುವುದಾದರೂ ತಯಾರಾಗಿ 3 ವರ್ಷ ಮೀರಿರಬಾರದು ಎಂಬ ನಿಯಮವಿದೆ, ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ಕೊನೆಯ ಕಾರಿಗೂ ಆ ಗಡುವು 2028ರ ಆಗಸ್ಟಿಗೆ ಮುಗಿಯುತ್ತದೆ. ದುಬೈಯಲ್ಲೇ ಇದ್ದು ಅಲ್ಲೇ ಓಡಿಸುವವರಿಗೆ ಆಯ್ಕೆ ಧಾರಾಳ, ಆದರೆ ಅಲ್ಲಿಯ ಕಾರುಗಳಲ್ಲಿ ಟ್ಯೂನ್ ಆದವೇ ಬಹಳ. ಮೇಲೆ ಹೇಳಿದ ಕಂಪ್ರೆಷನ್ ಪರೀಕ್ಷೆ ಅಲ್ಲಿ ಕಡ್ಡಾಯ ಎಂದೇ ತಿಳಿಯಿರಿ.

ಜಪಾನಿನ ಮಾರುಕಟ್ಟೆಯ ಕಾರು ಕೊಳ್ಳುವ ಬ್ರಿಟನ್, ಆಸ್ಟ್ರೇಲಿಯಾದವರು ನೆನಪಿಡಬೇಕಾದ್ದು, ಅದಕ್ಕೆ 180 ಕಿಲೋಮೀಟರ್ ವೇಗದ ಕಡಿವಾಣವಿದೆ. ಜಪಾನಿನ ರೇಸ್ ಟ್ರ್ಯಾಕ್ ಒಳಗಿದೆ ಎಂದು ಜಿಪಿಎಸ್ ಗುರುತಿಸಿದಾಗ ಮಾತ್ರ ಅದು ಬಿಡುತ್ತದೆ. ಬೇರೆ ದೇಶದಲ್ಲಿ ಇದನ್ನು ತೆಗೆಸಲು ಸಾಫ್ಟ್‌ವೇರ್ ಕೆಲಸ ಬೇಕಾಗುತ್ತದೆ.

ವರ್ಷ ಆರಿಸಬೇಕೆಂದರೆ ನಮ್ಮ ಅಭಿಪ್ರಾಯ ಖಚಿತ. 2012ರಿಂದ 2016ರವರೆಗಿನ ಮಾಡೆಲ್ ಕೊಟ್ಟ ದುಡ್ಡಿಗೆ ತಕ್ಕದ್ದು: ಶಕ್ತಿ 550 ಪಿಎಸ್, ಬೆಲ್ ಹೌಸಿಂಗ್ ಮತ್ತು ಗೇರ್ ಫೋರ್ಕ್ ಸುಧಾರಿಸಿವೆ, ಬ್ರೇಕು ದೊಡ್ಡದು. ಒಳಗಿನ ಸೌಕರ್ಯ, ಕಡಿಮೆ ಸದ್ದು, 8 ಇಂಚಿನ ಪರದೆ ಬೇಕೆಂದರೆ 2017ರ ನಂತರದ್ದು. ಸಿಬಿಎ ಕಾರುಗಳ ಅಗ್ಗದ ಬೆಲೆ ಕಣ್ಣು ಕೋರೈಸುತ್ತದೆ, ಆದರೆ ಗೇರ್‌ಬಾಕ್ಸ್ ಪರಿಣತರಲ್ಲಿ ಬಿಚ್ಚಿ ಕಟ್ಟಿಸಿದ ಬಿಲ್ ಇಲ್ಲದಿದ್ದರೆ ಮುಟ್ಟಬೇಡಿ. ಬಿಲ್ ಇದ್ದರೆ, ಅಚ್ಚರಿಯೆನಿಸಿದರೂ, ಬಿಚ್ಚದ 2011ರ ಕಾರಿಗಿಂತ ಅದೇ ನಂಬಿಕಸ್ಥ. 2024ರ ನಿಸ್ಮೊದಲ್ಲಿ ಮುಂದಿನ ಡಿಫರೆನ್ಷಿಯಲ್‌ಗೂ ಮೆಕ್ಯಾನಿಕಲ್ ಲಿಮಿಟೆಡ್ ಸ್ಲಿಪ್ ಬಂತು, ತಿರುವಿನಿಂದ ಹೊರಬರುವಾಗ ಅದರ ಲಾಭ ದೊಡ್ಡದು. ಬೆಲೆ ಮಾತ್ರ ಸಂಗ್ರಹಕಾರರ ಕೈಗೆ ಹೋಗಿಬಿಟ್ಟಿದೆ.

ನೋಡಲು ಹೋಗುವಾಗ ಕಾರನ್ನು ತಣ್ಣಗೇ ಇಟ್ಟಿರಲು ಹೇಳಿ. ಮೊದಲ ಸ್ಟಾರ್ಟ್ ನೀವೇ ಮಾಡಿ, ವೇಸ್ಟ್‌ಗೇಟ್ ಸದ್ದು ಕೇಳಿ. ಆಮೇಲೆ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ರಿವರ್ಸ್ ಮತ್ತು ಒಂದನೇ ಗೇರನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ, ಸಮತಟ್ಟಿನಲ್ಲಿ ಎಕ್ಸಿಲರೇಟರ್ ಮುಟ್ಟದೆ ತೆವಳಲು ಬಿಡಿ, ಒಂದರಿಂದ ಮೂರರವರೆಗೆ ಮೆಲ್ಲನೆ ಏರಿಸಿ. ನಿಲ್ಲಿಸಿದ ಮೇಲೆ ಐಡಲ್‌ನಲ್ಲಿ ಬೆಲ್ ಹೌಸಿಂಗ್ ಸದ್ದಿಗೆ ಕಿವಿಗೊಡಿ. ಕೊನೆಗೆ ಕೋಡ್ ಓದಿಸಿ. ಹಿಂದಿನ ರಾತ್ರಿಯೇ ಅಳಿಸಿ ಇಟ್ಟಿರುವ ಸಾಧ್ಯತೆ ಇರುವುದರಿಂದ ಓಡಿಸುವ ಮುಂಚೆಯೂ ಓದಿಸಿ, ಆದ ಮೇಲೂ ಓದಿಸಿ.

ಕೊಂಡ ಮೇಲೆ ಮೊದಲ ಕೆಲಸ ಬಿಡಿಭಾಗಗಳ ಪಟ್ಟಿ. ಹಿಂದಿನ ತಲೆಮಾರುಗಳಾದ ಆರ್32ಕ್ಕೆ 2017ರಿಂದ, ಆರ್33, ಆರ್34 ಕಾರುಗಳಿಗೆ ಆಮೇಲಿಂದ ನಿಸ್ಸಾನ್ ನಿಸ್ಮೊ ಹೆರಿಟೇಜ್ ಹೆಸರಿನಲ್ಲಿ ಭಾಗಗಳನ್ನು ಮತ್ತೆ ತಯಾರಿಸುತ್ತಿದೆ. ಆದರೆ ಹೊಸ ಬೆಲೆ ಹಳೆಯ ಬೆಲೆಗಿಂತ ಮೇಲೇ ಇರುತ್ತದೆ, ಎಲ್ಲ ಭಾಗವೂ ಪಟ್ಟಿಯಲ್ಲಿರುವುದಿಲ್ಲ. ಆರ್35ರ ಭಾಗಗಳು ಇನ್ನೂ ಸರಬರಾಜಿನಲ್ಲಿರುವಾಗಲೇ ಗೇರ್‌ಬಾಕ್ಸ್ ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್, ಒಂದು ಜೊತೆ ಮುಂದಿನ ಡಿಸ್ಕ್, ಸೊಲೆನಾಯ್ಡ್ ಸೆಟ್, ಹೆಡ್‌ಲ್ಯಾಂಪ್ ಇಷ್ಟನ್ನಾದರೂ ತರಿಸಿ ಇಟ್ಟುಕೊಳ್ಳಿ. ಹೆಡ್‌ಲ್ಯಾಂಪನ್ನು ಬಲಬದಿಯ ಸ್ಟಿಯರಿಂಗಿನ ಕಾರಿಗೆ ಬರುವಂಥದ್ದೇ ಕೇಳಿ, ಅಮೆರಿಕದ ಅಂಗಡಿಯದು ಕೂತರೂ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ.